ಆರ್‌ಕ್ಲೋನ್ ಹಾಕಿಕೊಳ್ಳುವುದು: ಸ್ಕ್ರಿಪ್ಟ್ ಓದಿ, ಆಮೇಲೆ ಓಡಿಸಿ

ಮದುವೆ ಸೀಸನ್ ಮುಗಿಯುವ ಹೊತ್ತಿಗೆ ಕಲಬುರಗಿಯ ಫೋಟೊ ಸ್ಟುಡಿಯೊಗಳಲ್ಲಿ ಹಾರ್ಡ್ ಡಿಸ್ಕ್ ತುಂಬಿರುತ್ತದೆ. ಬ್ರೌಸರ್‌ನಿಂದ 60 ಜಿಬಿ ಫೋಲ್ಡರ್ ಏರಿಸಲು ಹೋದರೆ ನಡುವೆ ಎಲ್ಲೋ ನಿಲ್ಲುತ್ತದೆ, ಯಾವ ಫೈಲ್ ಹೋಯಿತು, ಯಾವುದು ಉಳಿಯಿತು ತಿಳಿಯುವುದಿಲ್ಲ. ಈ ಕೆಲಸಕ್ಕೆ, ಫೈಲುಗಳನ್ನು ನೆಟ್ ಮೇಲಿನ ಸಂಗ್ರಹಕ್ಕೆ ಕಳಿಸುವ ಆರ್‌ಕ್ಲೋನ್ ಎಂಬ ಪ್ರೋಗ್ರಾಂ ಸರಿ. ಇದು ಉಚಿತ, ಗೂಗಲ್ ಡ್ರೈವ್, ಒನ್‌ಡ್ರೈವ್, ಎಸ್‌ಎಫ್‌ಟಿಪಿ (ದೂರದ ಯಂತ್ರಕ್ಕೆ ಫೈಲ್ ಕಳಿಸುವ ವಿಧಾನ) ಎಲ್ಲದರ ಜೊತೆಗೂ ಮಾತಾಡುತ್ತದೆ. ಇಲ್ಲಿ ಕಿಟಕಿ, ಬಟನ್ ಬಳಸುವುದಿಲ್ಲ, ಎಲ್ಲವೂ ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲೇ. ಇಲ್ಲಿರುವುದು ಉಬುಂಟು (ಲಿನಕ್ಸ್) ಯಂತ್ರದ ಕ್ರಮ. ಆಜ್ಞೆಗಳನ್ನು ಕನ್ನಡದಲ್ಲಿ ಬರೆದಿದ್ದೇವೆ, ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇವೆ.

ಉಬುಂಟುವಿನ ಭಂಡಾರದಿಂದ ಪ್ರೋಗ್ರಾಂ ಹಾಕುವ ಏಪ್ಟ್‌ನಿಂದಲೇ ಹಾಕಬಹುದಲ್ಲ ಎನ್ನುವವರಿಗೆ: ಉಬುಂಟು 22.04ರ ಭಂಡಾರದಲ್ಲಿ ಇರುವುದು 1.53, ತೀರಾ ಹಳೆಯದು. ಗೂಗಲ್ ತನ್ನ ಲಾಗಿನ್ ಪದ್ಧತಿ ಬದಲಿಸಿದ ಮೇಲೆ ಹಳೆಯ ಆವೃತ್ತಿಗಳು ಬ್ರೌಸರ್ ಇಲ್ಲದ ಯಂತ್ರಗಳಲ್ಲಿ ತಕರಾರು ಮಾಡುತ್ತವೆ. ಮೊದಲೇ ಏಪ್ಟ್‌ನಿಂದ ಹಾಕಿದ್ದರೆ ತೆಗೆದುಬಿಡಿ. ಅದೂ ಮುಂದೆ ಹೇಳುವ ಸ್ಕ್ರಿಪ್ಟ್ (ಆಜ್ಞೆಗಳ ಫೈಲು) ಕೂಡ ಒಂದೇ ಜಾಗಕ್ಕೆ ಬರೆಯುತ್ತವೆ, ಮುಂದೆ ಯಾವುದು ಯಾವುದನ್ನು ಅಳಿಸಿತು ಎಂದು ಹುಡುಕುತ್ತ ಕೂರಬೇಕಾಗುತ್ತದೆ.

ಮೊದಲು ಬೇಕಾದ ಎರಡು ಸಾಮಾನು, ನೆಟ್‌ನಿಂದ ಫೈಲ್ ಇಳಿಸುವ ಕರ್ಲ್, ಜಿಪ್ ಬಿಚ್ಚುವ ಅನ್‌ಜಿಪ್ (ಸುಡೊ ಅಂದರೆ ಪೂರ್ತಿ ಅಧಿಕಾರದಿಂದ ಓಡಿಸು ಎಂದು):

ಸುಡೊ ಏಪ್ಟ್ ಇನ್‌ಸ್ಟಾಲ್ ಕರ್ಲ್ ಅನ್‌ಜಿಪ್

ಅನ್‌ಜಿಪ್ ಮರೆಯಬೇಡಿ. ಅದಾಗಲಿ, 7ಜೆಡ್ ಆಗಲಿ, ಬಿಜಿಬಾಕ್ಸ್ ಆಗಲಿ, ಮೂರರಲ್ಲಿ ಒಂದೂ ಸಿಗದಿದ್ದರೆ ಸ್ಕ್ರಿಪ್ಟ್ 4 ಎಂಬ ಸಂಖ್ಯೆ ಕೊಟ್ಟು ನಿಲ್ಲುತ್ತದೆ.

ಎಲ್ಲೆಡೆ ಕಾಣುವ ಒಂದು ಸಾಲಿನ ವಿಧಾನ, ಕರ್ಲ್‌ನಿಂದ ಬಂದದ್ದನ್ನು ನೇರ ಸುಡೊ ಬ್ಯಾಶ್‌ಗೆ (ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಸುರಿಯುವುದು. ನಡೆಯುತ್ತದೆ, ಆದರೆ ನಾವು ಹಾಗೆ ಮಾಡಬೇಡಿ ಎನ್ನುತ್ತೇವೆ. ಯಂತ್ರದ ಪೂರ್ತಿ ಅಧಿಕಾರ ಕೈಗೆ ಕೊಡುವ ಮೊದಲು ಆ ಫೈಲಿನಲ್ಲಿ ಏನಿದೆ ನೋಡುವುದು ಎರಡೇ ನಿಮಿಷದ ಕೆಲಸ. ಮೇಲಾಗಿ ನೆಟ್ ಅರ್ಧಕ್ಕೆ ಕಡಿದರೆ ಬ್ಯಾಶ್ ಬಂದಷ್ಟನ್ನೇ ಓಡಿಸಿಬಿಡಬಹುದು. ಹೀಗೆ ಮಾಡಿ:

ಕರ್ಲ್ -ಓ ಎಚ್‌ಟಿಟಿಪಿಎಸ್://ಆರ್‌ಕ್ಲೋನ್.ಆರ್ಗ್/ಇನ್‌ಸ್ಟಾಲ್.ಎಸ್‌ಎಚ್
ಲೆಸ್ ಇನ್‌ಸ್ಟಾಲ್.ಎಸ್‌ಎಚ್
ಸುಡೊ ಬ್ಯಾಶ್ ಇನ್‌ಸ್ಟಾಲ್.ಎಸ್‌ಎಚ್

ಕರ್ಲ್ ಮುಂದಿನ ಓ ದೊಡ್ಡಕ್ಷರ. ಲೆಸ್ ಫೈಲನ್ನು ಓದಲು ತೋರಿಸುತ್ತದೆ, ಅದರಿಂದ ಹೊರಬರಲು ಕ್ಯೂ ಒತ್ತಿ. ಸ್ಕ್ರಿಪ್ಟ್ ಮಾಡುವುದು ಇಷ್ಟೇ: ನಿಮ್ಮಲ್ಲಿರುವ ಆವೃತ್ತಿಯನ್ನು ಹೊಸದರ ಜೊತೆ ಹೋಲಿಸುತ್ತದೆ, ಯಂತ್ರದ ಜಾತಿ ನೋಡಿ ತಕ್ಕ ಜಿಪ್ ಇಳಿಸುತ್ತದೆ, ಅದನ್ನು ಬಿಚ್ಚಿ ಒಂದೇ ಒಂದು ಪ್ರೋಗ್ರಾಂ ಫೈಲನ್ನು /ಯುಎಸ್‌ಆರ್/ಬಿನ್ ಒಳಗೆ ಇಡುತ್ತದೆ, ಕೈಪಿಡಿ ಪುಟವನ್ನೂ ಸೇರಿಸುತ್ತದೆ. 3 ಎಂಬ ಸಂಖ್ಯೆ ಬಂದರೆ ಗಾಬರಿ ಬೇಡ, ಹೊಸ ಆವೃತ್ತಿ ಆಗಲೇ ಇದೆ ಎಂದರ್ಥ. ಕೊನೆಗೆ ‘ಆರ್‌ಕ್ಲೋನ್ ವರ್ಶನ್’ ಹೊಡೆದು ಖಾತ್ರಿ ಮಾಡಿಕೊಳ್ಳಿ.

ಇಲ್ಲಿ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಕರ್ಲ್ 60ನೇ ಸಂಖ್ಯೆಯ ದೋಷ ಕೊಟ್ಟು ಸರ್ಟಿಫಿಕೇಟ್ ಸರಿಯಿಲ್ಲ ಎನ್ನುತ್ತದೆ. ಹಳೆಯ ಅಸೆಂಬಲ್ಡ್ ಪಿಸಿಯಾದರೆ ಮೊದಲು ತಾರೀಕು ನೋಡಿ. ಮದರ್‌ಬೋರ್ಡ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಓಡಿರುತ್ತದೆ. ಆ ತಾರೀಕಿನ ಲೆಕ್ಕದಲ್ಲಿ ಇವತ್ತಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ. ತಾರೀಕು ಸರಿಮಾಡಿ, ಸಿಆರ್2032 ಸೆಲ್ ಬದಲಿಸಿ. ಸರ್ಟಿಫಿಕೇಟ್ ತಪಾಸಣೆಯನ್ನೇ ಬಂದ್ ಮಾಡುವ -ಕೆ ಆಯ್ಕೆಯನ್ನು ಯಾರು ಹೇಳಿದರೂ ಹಾಕಬೇಡಿ. ಎರಡು, ಕಾಲೇಜು ಅಥವಾ ಲಾಡ್ಜ್ ವೈಫೈ. ಅಲ್ಲಿ ಲಾಗಿನ್ ಆಗದೇ, ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಬದಲು ಎಚ್‌ಟಿಟಿಪಿ ಎಂದು ಬರೆದು ಇಳಿಸಿದರೆ ಸ್ಕ್ರಿಪ್ಟ್ ಬದಲು ಲಾಗಿನ್ ಪುಟವೇ ಆ ಹೆಸರಿನಲ್ಲಿ ಬಂದು ಕೂತಿರಬಹುದು, ಬ್ಯಾಶ್ ಮೊದಲ ಸಾಲಿಗೇ ಸಿಂಟ್ಯಾಕ್ಸ್ ದೋಷ ಕೂಗುತ್ತದೆ. ಲೆಸ್‌ನಲ್ಲಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಇನ್ನು ಖಾತೆ ಜೋಡಿಸುವುದು: ‘ಆರ್‌ಕ್ಲೋನ್ ಕಾನ್ಫಿಗ್’. ಇದಕ್ಕೆ ಸುಡೊ ಹಚ್ಚಬೇಡಿ. ಹಚ್ಚಿದರೆ ಸೆಟ್ಟಿಂಗ್ ಎಲ್ಲ ರೂಟ್ (ಪೂರ್ತಿ ಅಧಿಕಾರದ ಬಳಕೆದಾರ) ಫೋಲ್ಡರಿಗೆ ಹೋಗುತ್ತದೆ, ನಾಳೆ ನಿಮ್ಮ ಹೆಸರಿನಲ್ಲಿ ಓಡಿಸಿದಾಗ ಖಾತೆಯೇ ಇಲ್ಲ ಎನ್ನುತ್ತದೆ. ಹೊಸದಕ್ಕೆ ಎನ್ ಒತ್ತಿ, ‘ಭಂಡಾರ’ ಎಂಬಂಥ ಚಿಕ್ಕ ಹೆಸರು ಕೊಡಿ (ಇಂಗ್ಲಿಷ್ ಅಕ್ಷರದಲ್ಲಿ). ಯಾವ ಸೇವೆ ಎಂದು ಕೇಳಿದಾಗ ಪಟ್ಟಿಯ ಸಂಖ್ಯೆ ಬೇಡ, ಅದು ಆವೃತ್ತಿಗೊಂದು ತರ ಬದಲಾಗುತ್ತದೆ. ‘ಡ್ರೈವ್’ ಎಂದು ಬರೆಯಿರಿ. ಬ್ರೌಸರ್ ತೆರೆದುಕೊಂಡಾಗ ಒಪ್ಪಿಗೆ ಕೊಟ್ಟರೆ ಮುಗಿಯಿತು. ಯಂತ್ರದಲ್ಲಿ ಬ್ರೌಸರ್ ಇಲ್ಲದಿದ್ದರೆ ಬೇರೊಂದು ಲ್ಯಾಪ್‌ಟಾಪ್‌ನಲ್ಲೂ ಆರ್‌ಕ್ಲೋನ್ ಹಾಕಿ, ಅಲ್ಲಿ ‘ಆರ್‌ಕ್ಲೋನ್ ಆಥರೈಸ್ ಡ್ರೈವ್’ ಓಡಿಸಿ, ಬಂದ ಸಾಲನ್ನು ಇಲ್ಲಿ ಅಂಟಿಸಿ.

ಮೊದಲ ಸಲ ಹೀಗೆ ಏರಿಸಿ:

ಆರ್‌ಕ್ಲೋನ್ ಕಾಪಿ "ಜೇವರ್ಗಿ ಮದುವೆ" "ಭಂಡಾರ:ಜೇವರ್ಗಿ ಮದುವೆ" -ಪಿ --ಡ್ರೈ-ರನ್

ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಜೋಡಿ ಉದ್ಧರಣ ಚಿಹ್ನೆ ಬೇಕೇಬೇಕು. -ಪಿಯೂ ದೊಡ್ಡಕ್ಷರ, ಅದು ಪ್ರಗತಿ ತೋರಿಸುತ್ತದೆ. ಡ್ರೈ-ರನ್ ಏನೂ ಕಳಿಸದೆ ಏನಾಗಲಿದೆ ಎಂದಷ್ಟೇ ತೋರಿಸುತ್ತದೆ. ಸರಿ ಕಂಡರೆ ಆ ಮಾತು ತೆಗೆದು ಮತ್ತೆ ಓಡಿಸಿ. ‘ಕಾಪಿ’ ಜಾಗದಲ್ಲಿ ‘ಸಿಂಕ್’ ಎಂದು ಬರೆದರೆ ಇಲ್ಲಿ ಇಲ್ಲದ್ದನ್ನು ಅಲ್ಲಿಯೂ ಅಳಿಸುತ್ತದೆ. ಡಿಸ್ಕ್ ಖಾಲಿ ಮಾಡಿ ಸಿಂಕ್ ಓಡಿಸಿದವರ ಮದುವೆ ಫೋಟೊ ಎರಡೂ ಕಡೆ ಹೋಗುತ್ತದೆ. ಹೊಸಬರು ಕಾಪಿ ಬಿಟ್ಟು ಬೇರೆ ಮುಟ್ಟದಿರುವುದೇ ಒಳ್ಳೆಯದು.

ಅಪ್‌ಲೋಡ್ ವೇಗ 40 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಇದ್ದರೆ ಸೆಕೆಂಡಿಗೆ 5 ಎಂಬಿ. 60 ಜಿಬಿಗೆ ಕಡಿಮೆಯೆಂದರೂ 3 ಗಂಟೆ 20 ನಿಮಿಷ. ಹಗಲಲ್ಲಿ ಅಂಗಡಿಯ ಉಳಿದ ಕೆಲಸ ಕುಂಟಬಾರದು ಎಂದರೆ ಕಾಪಿ ಆಜ್ಞೆಯ ಕೊನೆಗೆ ವೇಗದ ಮಿತಿಯ ವೇಳಾಪಟ್ಟಿ ಸೇರಿಸಿ:

--ಬಿಡಬ್ಲ್ಯುಲಿಮಿಟ್ "08:00,1ಎಂ 23:00,ಆಫ್"

1ಎಂ ಅಂದರೆ ಸೆಕೆಂಡಿಗೆ 1 ಮೆಗಾಬೈಟ್, ಮೆಗಾಬಿಟ್ ಅಲ್ಲ, ಎಂ ದೊಡ್ಡಕ್ಷರವೇ. ಆಫ್ ಅಂದರೆ ಮಿತಿ ಇಲ್ಲ. ನೆಟ್ ಪ್ಲ್ಯಾನಿನ ಸಂಖ್ಯೆಯನ್ನೇ ಹಾಗೇ ಇಲ್ಲಿ ಹಾಕಿದರೆ ಮಿತಿ ಎಂಟು ಪಟ್ಟು ಜಾಸ್ತಿಯಾಗಿ, ಹಾಕಿದ್ದೂ ಹಾಕದ್ದೂ ಒಂದೇ ಆಗುತ್ತದೆ.

ನಡುವೆ ಕರೆಂಟ್ ಹೋದರೆ ಅದೇ ಆಜ್ಞೆ ಮತ್ತೆ ಓಡಿಸಿ. ಪೂರ್ತಿ ಹೋದ ಫೈಲುಗಳನ್ನು ಗಾತ್ರ, ಸಮಯ ನೋಡಿ ಬಿಟ್ಟು ಮುಂದಕ್ಕೆ ಹೋಗುತ್ತದೆ. ಆದರೆ ಅರ್ಧ ಹೋಗಿದ್ದ ಫೈಲು ಮೊದಲಿನಿಂದ ಶುರು. ಸಾವಿರ ಫೋಟೊಗಳಿದ್ದರೆ ಇದು ಲೆಕ್ಕಕ್ಕಿಲ್ಲ, 30 ಜಿಬಿಯ ಒಂದೇ ವಿಡಿಯೊ ಆದರೆ ಗಂಟೆಗಟ್ಟಲೆ ಶ್ರಮ ನೀರಿಗೆ. ಅಂಥದ್ದನ್ನು ಕಳಿಸುವ ಮೊದಲು ತುಂಡು ಮಾಡಿ, ಪಿಸಿಯ ಜೊತೆಗೆ ರೌಟರ್ ಮತ್ತು ಫೈಬರ್ ಡಬ್ಬಿಯನ್ನೂ ಇನ್ವರ್ಟರ್‌ಗೆ ಹಾಕಿ.

ಮುಗಿದ ಮೇಲೆ ಡಿಸ್ಕ್ ಅಳಿಸುವ ಮುನ್ನ ‘ಕಾಪಿ’ ಇದ್ದಲ್ಲಿ ‘ಚೆಕ್’ ಬರೆದು, ಅದೇ ಎರಡು ಹೆಸರು ಕೊಟ್ಟು ಓಡಿಸಿ. ವ್ಯತ್ಯಾಸ ಸೊನ್ನೆ ಬರುವ ತನಕ ಡಿಸ್ಕ್ ಮುಟ್ಟಬೇಡಿ.