ಗುರಿಗೆ ಎದುರಾಗಬೇಕಾದದ್ದು ಕ್ಲಬ್‌ಫೇಸ್, ಪಾದಗಳಲ್ಲ

ಗಾಲ್ಫ್ ಚೆಂಡು ಪದೇ ಪದೇ ಒಂದೇ ಪಕ್ಕಕ್ಕೆ ಹೋಗುತ್ತಿದ್ದರೆ ಸ್ವಿಂಗ್ ತಿದ್ದುವ ಮೊದಲು ನಿಂತ ಬಗೆಯನ್ನು ನೋಡಿ. 150 ಗಜದ ಹೊಡೆತದಲ್ಲಿ ದಿಕ್ಕು 5 ಡಿಗ್ರಿ ತಪ್ಪಿದರೆ ಚೆಂಡು ಸುಮಾರು 13 ಗಜ ಆಚೆ ಬೀಳುತ್ತದೆ. ಇನ್ನೂ ದೊಡ್ಡ ನಷ್ಟವೆಂದರೆ, ಬಲಕ್ಕೆ ತಿರುಗಿ ನಿಂತ ದೇಹ ಆ ತಪ್ಪನ್ನು ಸರಿದೂಗಿಸಲು ಕ್ಲಬ್ಬನ್ನು (ಚೆಂಡು ಹೊಡೆಯುವ ಕೋಲನ್ನು) ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆ ಬದಿಯಿಂದ ತನ್ನ ಕಡೆಗೆ, ಎಳೆಯುವ ರೂಢಿ ಬೆಳೆಸಿಕೊಳ್ಳುತ್ತದೆ. ಆಮೇಲೆ ಬಿಡಿಸಬೇಕಾದ ಗಂಟು ಎರಡಾಗುತ್ತವೆ. (ಇಲ್ಲಿ ಹೇಳುವ ಎಡ-ಬಲ ಬಲಗೈ ಆಟಗಾರರದ್ದು, ಎಡಗೈಯವರು ಅದಲುಬದಲು ಮಾಡಿಕೊಳ್ಳಿ.)

ಎರಡು ಅಲೈನ್‌ಮೆಂಟ್ ಸ್ಟಿಕ್ (ದಿಕ್ಕು ನೋಡಲು ನೆಲಕ್ಕಿಡುವ ತೆಳು ಕೋಲು) ಮತ್ತು ಒಂದು 7 ಐರನ್ (ಮಧ್ಯಮ ದೂರದ ಕ್ಲಬ್) ಸಾಕು. ಸ್ಟಿಕ್ ಇಲ್ಲದಿದ್ದರೆ ಕ್ಲಬ್ಬುಗಳನ್ನೇ ನೆಲಕ್ಕೆ ಇಡಿ. ಅಭ್ಯಾಸದ ರೇಂಜಿನಲ್ಲಿ ನಿಲ್ಲುವ ಮ್ಯಾಟಿನ ಅಂಚನ್ನು ನಂಬಬೇಡಿ, ಅದು ನಿಮ್ಮ ಗುರಿಯತ್ತಲೇ ಇರುತ್ತದೆಂಬ ಖಾತ್ರಿಯಿಲ್ಲ. ಚೆಂಡಿನ ಹಿಂದೆ ನಾಲ್ಕು ಹೆಜ್ಜೆ ಸರಿದು ಗುರಿ ಆರಿಸಿ. ಚೆಂಡು-ಗುರಿ ಸೇರಿಸುವ ಗೆರೆಯ ಮೇಲೆ, ಚೆಂಡಿನಿಂದ ಎರಡು ಮೂರು ಅಡಿ ಮುಂದೆ, ಒಂದು ಎಲೆಯನ್ನೋ ಹುಲ್ಲಿನ ಕಲೆಯನ್ನೋ ಗುರುತು ಮಾಡಿಕೊಳ್ಳಿ. ಮೊದಲ ಸ್ಟಿಕ್ಕನ್ನು ಚೆಂಡಿನ ಆಚೆ ಬದಿಗೆ, ಕ್ಲಬ್ಬಿಗೆ ತಾಗದಷ್ಟು ದೂರದಲ್ಲಿ, ಗುರಿಯ ಕಡೆಗೆ ಇಡಿ. ಎರಡನೆಯದು ಕಾಲ್ಬೆರಳುಗಳ ಮುಂದೆ, ಮೊದಲನೆಯದಕ್ಕೆ ಸಮಾನಾಂತರವಾಗಿ. ಎರಡೂ ತುದಿಗಳಲ್ಲಿ ನಡುವಿನ ಅಂತರವನ್ನು ಕ್ಲಬ್ಬಿನಿಂದ ಅಳೆದು ನೋಡಿ.

ಹೆಚ್ಚಿನವರು ಎಡವುವುದು ಇಲ್ಲೇ. ಕಾಲಿನ ಸ್ಟಿಕ್ಕನ್ನೂ ಗುರಿಯ ಬಾವುಟಕ್ಕೇ ತಿರುಗಿಸುತ್ತಾರೆ. ಹಾಗೆ ಮಾಡಿದರೆ ದೇಹ ಗುರಿಯ ಬಲಕ್ಕೆ ತಿರುಗುತ್ತದೆ. ಕಾಲಿನ ಗೆರೆ ಗುರಿಯ ತುಸು ಎಡಕ್ಕೆ ಹೋಗುವುದೇ ಸರಿ. ನಿಂತು ನೋಡಿದಾಗ ತೀರಾ ಎಡಕ್ಕೆ ಕಾಣಬಹುದು. ಕಣ್ಣಿಗೆ ಒಗ್ಗಲು ಕೆಲವು ದಿನ ಬೇಕು, ಬದಲಿಸಬೇಡಿ.

ನಿಲ್ಲುವ ಕ್ರಮ ಹೀಗಿರಲಿ. ಮೊದಲು ಕ್ಲಬ್‌ಫೇಸನ್ನು (ಚೆಂಡಿಗೆ ತಾಗುವ ಕ್ಲಬ್ಬಿನ ಮುಖವನ್ನು) ಆ ಎಲೆಯ ಕಡೆಗೆ ನೇರವಾಗಿ ಇಡಿ, ನಂತರ ಪಾದ ಜೋಡಿಸಿ. ಪಾದ ಮೊದಲು ನೆಟ್ಟರೆ ಫೇಸನ್ನು ಆಮೇಲೆ ಕೈಯಿಂದ ತಿರುಚಬೇಕಾಗುತ್ತದೆ. ಪಾದಗಳ ನಡುವೆ ಭುಜದಷ್ಟು ಅಗಲ, ಡ್ರೈವರಿಗೆ (ಅತಿ ದೂರದ ಹೊಡೆತದ ಉದ್ದ ಕ್ಲಬ್ಬಿಗೆ) ಸ್ವಲ್ಪ ಹೆಚ್ಚು. ಚೆಂಡು ವೆಡ್ಜಿಗೆ (ಹತ್ತಿರದ ಹೊಡೆತದ ಕ್ಲಬ್ಬಿಗೆ) ಪಾದಗಳ ನಡುವಿನಲ್ಲಿ, 7 ಐರನ್ನಿಗೆ ಅದಕ್ಕಿಂತ ಕೊಂಚ ಎಡಕ್ಕೆ, ಡ್ರೈವರಿಗೆ ಎಡ ಹಿಮ್ಮಡಿಯ ಒಳಬದಿಯ ನೇರಕ್ಕೆ. ಬೆನ್ನು ಗೂನು ಮಾಡದೆ ಸೊಂಟದಿಂದ ಬಾಗಿ, ತೋಳುಗಳು ಭುಜದಿಂದ ಸಡಿಲವಾಗಿ ಇಳಿಯಲಿ.

ಪಾದ ಸರಿಯಿದ್ದೂ ಭುಜ ತಪ್ಪಿರಬಹುದು. ಬಲಗೈ ಗ್ರಿಪ್ಪಿನಲ್ಲಿ ಕೆಳಗಿರುವುದರಿಂದ ಬಲ ಭುಜ ಚೆಂಡಿನ ಕಡೆಗೆ ಮುಂದೆ ಬಂದು, ಭುಜದ ಗೆರೆ ಎಡಕ್ಕೆ ತೆರೆದುಕೊಳ್ಳುತ್ತದೆ. ಚೆಂಡು ಅತಿಯಾಗಿ ಎಡಕ್ಕಿದ್ದರೆ ಇನ್ನೂ ಹೆಚ್ಚು. ನಿಂತ ಮೇಲೆ ಕ್ಲಬ್ಬನ್ನು ಎರಡೂ ಭುಜಗಳಿಗೆ ಅಡ್ಡ ಹಿಡಿದು, ಅದು ನೆಲದ ಸ್ಟಿಕ್ಕಿಗೆ ಸಮಾನಾಂತರವೇ ಎಂದು ನೋಡಿ. ಪಾದ ಪರೀಕ್ಷಿಸುವಾಗ ಹಿಮ್ಮಡಿಯ ಗೆರೆಯನ್ನೂ ನೋಡಿ, ಹೊರಗೆ ತಿರುಗಿದ ಕಾಲ್ಬೆರಳು ಮೋಸ ಮಾಡುತ್ತದೆ.

ಪಂದ್ಯದಲ್ಲಿ ನಿಲುವಿಗೆ ಸಹಾಯವಾಗಲೆಂದು ನೆಲಕ್ಕೆ ವಸ್ತು ಇಡುವಂತಿಲ್ಲ, ನಿಯಮ 10.2ಬಿ ಪ್ರಕಾರ ದಂಡ ಬೀಳುತ್ತದೆ. ಆದ್ದರಿಂದ ಅಭ್ಯಾಸದಲ್ಲಿ ಸ್ಟಿಕ್ ಇಟ್ಟು ಎರಡು ಚೆಂಡು ಹೊಡೆದ ಮೇಲೆ ಅದನ್ನು ತೆಗೆದು, ಹೊಸ ಗುರಿಗೆ ಒಂದು ಚೆಂಡಿಗಾಗಿ ನಿಲ್ಲಿ. ಹೊಡೆಯುವ ಮೊದಲು ಕ್ಲಬ್ಬನ್ನು ಕಾಲ್ಬೆರಳಿಗೆ ತಾಗಿಸಿ ಮಲಗಿಸಿ, ಹಿಂದೆ ಹೋಗಿ ನೋಡಿ. ತಪ್ಪು ಪ್ರತಿಸಲವೂ ಒಂದೇ ಪಕ್ಕಕ್ಕಿದ್ದರೆ ಮರುದಿನದ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ.