ಹಳೆಯ ಫೋಟೊದ ಮುಳುಗುಗಾರರು: ಮೊದಲು ಕೊಳವೆ ನೋಡಿ

ಲಿಂಗನಮಕ್ಕಿ, ಭದ್ರಾ ಅಣೆಕಟ್ಟುಗಳಲ್ಲಿ ದುಡಿದವರ ಮನೆಯ ಆಲ್ಬಂನಲ್ಲಿ ಮುಳುಗುಗಾರರ ಚಿತ್ರ ಸಿಕ್ಕರೆ ದಯವಿಟ್ಟು ಎಸೆಯಬೇಡಿ. ತಾಮ್ರದ ದೊಡ್ಡ ಶಿರಸ್ತ್ರಾಣ, ಭಾರದ ಬೂಟು, ಮೇಲಕ್ಕೆ ಹೋಗುವ ಕೊಳವೆ ಇದ್ದರೆ ಅದು ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ವಿಧಾನ) ಅಲ್ಲ. ಅದಕ್ಕೆ ಗಾಳಿ ಮೇಲಿನ ಪಂಪಿನಿಂದ ಬರುತ್ತಿತ್ತು. ಬೆನ್ನಿನ ಸಿಲಿಂಡರಿನಿಂದ ಸುಕ್ಕುಸುಕ್ಕಾದ ಎರಡು ದಪ್ಪ ಕೊಳವೆಗಳು ಕಿವಿಗಳ ಪಕ್ಕದಿಂದ ಬಾಯಿಗೆ ಬಂದಿದ್ದರೆ, ಅದು 1943ರಲ್ಲಿ ಫ್ರಾನ್ಸಿನ ಕುಸ್ತೊ ಮತ್ತು ಗಾನ್ಯಾನ್ ರೂಪಿಸಿದ ಆಕ್ವಾ-ಲಂಗ್ ಎಂಬ ಸ್ಕೂಬಾ ಉಪಕರಣದ ಬಗೆಯದು. ಒಂದೇ ತೆಳು ಕೊಳವೆಯಾದರೆ ನಂತರದ ಬಗೆ. ಅದು ಸಾಮಾನ್ಯವಾಗಿ ಬಲ ಭುಜದ ಮೇಲಿಂದ ಬರುತ್ತದೆ. ಎಡದಿಂದ ಬಂದಂತೆ ಕಂಡರೆ ನೆಗೆಟಿವ್ ತಿರುವಿ ಮುದ್ರಿಸಿರಬಹುದು. ಪಕ್ಕದಲ್ಲಿ ನಿಂತವರ ಅಂಗಿಯ ಜೇಬು ಯಾವ ಕಡೆಗಿದೆ ನೋಡಿ. ನಮ್ಮ ಮಳೆಗಾಲದ ಥಂಡಿಗೆ ಫೋಟೊ ಬೂಷ್ಟು ಹಿಡಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸದೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಹಿಂಬದಿಯ ಬರಹವನ್ನೂ ಸೇರಿಸಿ.