ಯಾರಿಗೆ ಕೋಪ ಬಂತು?

ಮೊದಲ ಒಂದೂವರೆ ವರ್ಷ ನಾನು ಆತ್ಮವಿಚಾರವನ್ನು, ಅಂದರೆ ‘ನಾನು ಯಾರು’ ಅಂತ ತನ್ನೊಳಗೇ ತಿರುಗಿ ನೋಡುವ ಧ್ಯಾನವನ್ನು, ಪೂರ್ತಿ ತಪ್ಪಾಗಿ ಮಾಡಿದೆ. ಬೆಳಗ್ಗೆ ಐದಕ್ಕೆ ಏಳುವುದು, ಮುಖ ತೊಳೆದು ಚಾಪೆ ಹಾಸಿ ಕೂರುವುದು, ಕಣ್ಣು ಮುಚ್ಚಿ ‘ನಾನು ಯಾರು, ನಾನು ಯಾರು’ ಅಂತ ಒಳಗೊಳಗೇ ಹೇಳುತ್ತಾ ಹೋಗುವುದು. ಅದಕ್ಕೊಂದು ತಾಳವೂ ಬಂದುಬಿಟ್ಟಿತ್ತು. ಉಸಿರು ಎಳೆದುಕೊಳ್ಳುವಾಗ ‘ನಾನು’, ಬಿಡುವಾಗ ‘ಯಾರು’. ಒಂದು ಶಿಬಿರದಲ್ಲಿ ಹಾಗೇ ಹೇಳಿಕೊಟ್ಟಿದ್ದರು. ಲೆಕ್ಕಕ್ಕೆ ಜಪಮಾಲೆ ಬೇರೆ. ಮನಸ್ಸು ತಣ್ಣಗಾಗುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ರಾಮ ರಾಮ ಅಂದಿದ್ದರೂ ಅಷ್ಟೇ ತಣ್ಣಗಾಗುತ್ತಿತ್ತು. ಬಹುಶಃ ಇನ್ನೂ ಚೆನ್ನಾಗಿ. ಪ್ರಶ್ನೆಯನ್ನು ಪ್ರಶ್ನೆಯ ಥರ ನಾನು ಒಂದು ಸಲವೂ ಕೇಳಿರಲಿಲ್ಲ.

ಇದರ ಬೇರು ಉಪನಿಷತ್ತುಗಳಲ್ಲೇ ಇದೆ. ಬೃಹದಾರಣ್ಯಕದ ‘ನೇತಿ ನೇತಿ’, ಅಂದರೆ ‘ಇದಲ್ಲ, ಇದಲ್ಲ’, ಎಲ್ಲರೂ ಕೇಳಿರುತ್ತೀರಿ. ಮಾಂಡೂಕ್ಯದ ಬರೀ 12 ಮಂತ್ರಗಳಲ್ಲಿ ಎಚ್ಚರ, ಕನಸು, ಗಾಢನಿದ್ದೆ ಮೂರನ್ನೂ ಬಿಡಿಸಿ ನೋಡಿದ್ದಾರೆ. ಆದರೆ ನನ್ನಂಥ ಸಂಸಾರಸ್ಥರ ಕೈಗೆ ಇದು ಸಿಕ್ಕಿದ್ದು ರಮಣ ಮಹರ್ಷಿಗಳಿಂದ. 1896ರ ಜುಲೈ. ಮಧುರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದ 16 ವರ್ಷದ ಹುಡುಗನಿಗೆ ಇದ್ದಕ್ಕಿದ್ದ ಹಾಗೆ ಸಾವಿನ ಭಯ ಬಂತು. ಅವನು ಯಾರನ್ನೂ ಕರೆಯಲಿಲ್ಲ. ಹೆಣದ ಹಾಗೆ ಕೈಕಾಲು ಚಾಚಿ ಮಲಗಿ, ಈ ಮೈ ಸತ್ತರೆ ನಾನೂ ಸತ್ತ ಹಾಗಾ ಅಂತ ನೋಡಿಕೊಂಡ. ಅದೇ ವರ್ಷ ಸೆಪ್ಟೆಂಬರ್ 1ಕ್ಕೆ ತಿರುವಣ್ಣಾಮಲೈ ಸೇರಿದವರು 1950ರಲ್ಲಿ ದೇಹ ಬಿಡುವವರೆಗೂ ಅಲ್ಲಿಂದ ಕದಲಲಿಲ್ಲ. ಬೆಟ್ಟದ ಗುಹೆಯಲ್ಲಿ ಮಾತು ಬಿಟ್ಟು ಕೂತಿದ್ದ ಕಾಲದಲ್ಲಿ ಶಿವಪ್ರಕಾಶಂ ಪಿಳ್ಳೈ ಅನ್ನುವವರು ಬಂದು ಪ್ರಶ್ನೆ ಕೇಳಿದರು. ಇವರು ಬರೆದು ಉತ್ತರ ಕೊಟ್ಟರು. ಮುಂದೆ ಅದೇ ‘ನಾನು ಯಾರು?’ ಅನ್ನುವ ಪುಟ್ಟ ಪುಸ್ತಕವಾಯಿತು.

ಆ ಪುಸ್ತಕ ಓದಿಯೇ ನಾನು ಶುರು ಮಾಡಿದ್ದು. ಆದರೂ ಅದರ ಮುಖ್ಯ ಮಾತು ತಲೆಗೆ ಹೋಗಿರಲಿಲ್ಲ. ಯೋಚನೆ ಎದ್ದರೆ ಅದರ ಹಿಂದೆ ಹೋಗಬೇಡ, ಇದು ಯಾರಿಗೆ ಬಂತು ಅಂತ ನೋಡು, ‘ನನಗೆ’ ಅಂತ ತೋರುತ್ತದೆ, ಆ ‘ನಾನು’ ಯಾರು ಅಂತ ತಿರುಗು. ಇಷ್ಟೇ. ಓದುವಾಗ ಗೆರೆ ಎಳೆದಿದ್ದೆ ಕೂಡ. ಗೆರೆ ಎಳೆದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುವುದು ಓದುವವರ ಹಳೇ ಚಟ.

ಅರ್ಥವಾಗಿದ್ದು ಒಂದು ಜಗಳದ ದಿನ. ಜಮೀನಿನ ಭಾಗದ ವಿಷಯಕ್ಕೆ ಚಿಕ್ಕಪ್ಪನ ಮಗನ ಜೊತೆ ಫೋನಿನಲ್ಲಿ ಜೋರು ಜೋರಾಗಿ ಮಾತಾಯಿತು. ಫೋನ್ ಎಸೆದು ಅಡುಗೆಮನೆಗೆ ಹೋದೆ. ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು. “ನಂಗೆಂಥಾ ಕೋಪ ಬಂತು ಗೊತ್ತಾ?” ಅಂದೆ. ಅವಳು ತಲೆ ಎತ್ತಲೇ ಇಲ್ಲ. “ಬಂದಿದ್ದು ಹೋಗುತ್ತೆ ಬಿಡೋ, ಆ ಕಡೆ ಬುಟ್ಟಿ ಕೊಡು” ಅಂದಳು.

ಬುಟ್ಟಿ ಕೊಡುವಾಗ ನನ್ನ ಮಾತೇ ನನಗೆ ಕೇಳಿಸಿತು. ನಂಗೆ ಕೋಪ ಬಂತು. ನಮ್ಮ ಕನ್ನಡದಲ್ಲಿ ಕೋಪ ಬರುತ್ತದೆ, ನೆಂಟರು ಬಂದ ಹಾಗೆ. ಹಸಿವಾಗುತ್ತದೆ, ನನಗೆ. ಭಯ ಆಗುತ್ತದೆ, ನನಗೆ. ಗೊತ್ತಾಗುತ್ತದೆ, ಅದೂ ನನಗೆ. ನಾವು ದಿನಕ್ಕೆ ನೂರು ಸಲ ಹೀಗೆ ಹೇಳುತ್ತೇವೆ. ಬಂದದ್ದು ಬೇರೆ, ಯಾರಿಗೆ ಬಂತೋ ಅವನು ಬೇರೆ ಅಂತ ಭಾಷೆಯೇ ಬಿಡಿಸಿ ಇಟ್ಟಿದೆ. ಬಂದದ್ದರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಆ ‘ಗೆ’ ಹಿಡಿದುಕೊಂಡು ಹಿಂದಕ್ಕೆ ಹೋಗುವುದಿಲ್ಲ ಅಷ್ಟೇ. ಮಹರ್ಷಿಗಳ ‘ಯಾರಿಗೆ?’ ಅನ್ನುವ ಪ್ರಶ್ನೆ ನಮಗೆ ಹೊಸದಾಗಿ ಕಲಿಯುವಂಥದ್ದೇನಲ್ಲ, ಮನೆಮಾತಿನಲ್ಲೇ ಇದೆ ಅನಿಸಿತು.

ಅಲ್ಲೇ ಬಾಗಿಲಿಗೆ ಒರಗಿ ನಿಂತು ನೋಡಿದೆ. ಎದೆ ಬಿಸಿ ಇತ್ತು. ಕಿವಿ ಸುಡುತ್ತಿತ್ತು. ತಲೆಯಲ್ಲಿ ‘ಅವನಿಗೆ ಹೀಗಂದುಬಿಡಬೇಕಿತ್ತು’ ಅನ್ನುವ ಮಾತು ಓಡುತ್ತಲೇ ಇತ್ತು. ಯಾರಿಗೆ ಇದೆಲ್ಲ? ನನಗೆ. ಎಲ್ಲಿ, ಆ ನಾನು? ಉತ್ತರ ಹುಡುಕಲಿಲ್ಲ, ಸುಮ್ನೆ ಆ ಕಡೆ ತಿರುಗಿದೆ. ಒಂದೆರಡು ಸೆಕೆಂಡು ತಲೆಯ ಮಾತು ನಿಂತುಹೋಯಿತು. ಹುಡುಕಿದವನು ಸಿಗಲಿಲ್ಲ. ಹಾಗಂತ ಖಾಲಿ ಮನೆಗೆ ಹೋದ ಹಾಗೂ ಇರಲಿಲ್ಲ. ನೋಡುವುದೊಂದು ಇತ್ತು, ಎಚ್ಚರವಾಗಿ. ಆಮೇಲೆ ಚಿಕ್ಕಪ್ಪನ ಮಗ ತಲೆಗೆ ವಾಪಸ್ ಬಂದ, ಕೋಪವೂ ಬಂತು. ಆ ಎರಡು ಸೆಕೆಂಡಿನಲ್ಲಿ ಆದಷ್ಟು ಕೆಲಸ ಒಂದೂವರೆ ವರ್ಷದ ಮಣಿ ಎಣಿಕೆಯಲ್ಲಿ ಆಗಿರಲಿಲ್ಲ.

ಅವತ್ತಿನಿಂದ ಮಾಲೆ ಬಿಟ್ಟೆ. ಪ್ರಶ್ನೆಯನ್ನು ಒಂದು ಸಲ ಕೇಳುವುದು, ತಿರುಗುವುದು, ಸುಮ್ಮನಿರುವುದು. ಗಮನ ಜಾರಿದ್ದು ಗೊತ್ತಾದಾಗ ಮತ್ತೆ ಒಂದು ಸಲ. ಕೆಲವು ದಿನ 20 ನಿಮಿಷದಲ್ಲಿ ಐವತ್ತು ಸಲ ಜಾರುತ್ತಿತ್ತು. ಬೇಜಾರು ಮಾಡಿಕೊಳ್ಳಲಿಲ್ಲ. ಕೋಟೆಯೊಳಗಿಂದ ಶತ್ರುಗಳು ಬರುತ್ತಿರುವವರೆಗೂ ಒಬ್ಬೊಬ್ಬರನ್ನೇ ತರಿಯುತ್ತಿರಬೇಕು ಅನ್ನುವ ಹೋಲಿಕೆ ಅದೇ ಪುಸ್ತಕದಲ್ಲಿದೆ. ನನ್ನ ಕೋಟೆಯಲ್ಲಿ ಜನ ಸ್ವಲ್ಪ ಜಾಸ್ತಿ.

ಆಮೇಲೆ ಬಿದ್ದ ಗುಂಡಿಗಳೂ ಇವೆ. ಒಂದು ನಿದ್ದೆಯದು. ಪೂರ್ತಿ ನಿದ್ದೆಯಲ್ಲ, ಅದರ ಅಕ್ಕಪಕ್ಕದ್ದು. ಯೋಚನೆ ಇಲ್ಲ, ಹಾಯಾಗಿದೆ, ಕಣ್ಣು ಬಿಟ್ಟರೆ ಅರ್ಧ ಗಂಟೆ ಕಳೆದಿದೆ. ಸಮಾಧಿಯೇ ಬಂತು ಅಂತ ಒಂದು ತಿಂಗಳು ಒಳಗೊಳಗೇ ಬೀಗಿದೆ. ಇದನ್ನು ಲಯ ಅನ್ನುತ್ತಾರೆ, ಮನಸ್ಸು ಸುಮ್ನೆ ಮುದುಡಿಕೊಂಡು ಮಲಗುವುದು. ಮಹರ್ಷಿಗಳು ಇದಕ್ಕೊಂದು ಕಥೆ ಹೇಳುತ್ತಿದ್ದರು. ಗಂಗೆಯ ದಡದಲ್ಲಿ ಒಬ್ಬ ಯೋಗಿ ಶಿಷ್ಯನಿಗೆ ನೀರು ತಾ ಅಂದು, ಅವನು ಬರುವಷ್ಟರಲ್ಲಿ ಸಮಾಧಿಗೆ ಹೋದ. ನೂರಾರು ವರ್ಷ ಕಳೆಯಿತು. ಎದ್ದವನು ಕೇಳಿದ ಮೊದಲ ಮಾತು, ನೀರೆಲ್ಲಿ? ನಾನು ಎದ್ದ ಕೂಡಲೇ ಕೇಳುತ್ತಿದ್ದದ್ದು ಕಾಫಿ ಎಲ್ಲಿ ಅಂತ. ಈಗ ಆ ಮಂಪರು ಕವಿಯುವ ಸೂಚನೆ ಗೊತ್ತಾಗುತ್ತದೆ. ಕುತ್ತಿಗೆ ಸಡಿಲವಾಗುತ್ತದೆ, ಹೊರಗಿನ ಸದ್ದು ದೂರವಾಗುತ್ತದೆ. ಆಗ ‘ಈ ಹಾಯಿ ಯಾರಿಗೆ?’ ಅಂತ ಕೇಳುತ್ತೇನೆ. ಅಷ್ಟಕ್ಕೂ ಬಗ್ಗದಿದ್ದರೆ ಎದ್ದು ಓಡಾಡುತ್ತೇನೆ.

ಇನ್ನೊಂದು ಗುಂಡಿ ಇದಕ್ಕಿಂತ ನಯವಾದದ್ದು. ‘ನಾನು ಸಾಕ್ಷಿ’ ಅಂತ ಕೂರುವುದು. ಹಣೆಯ ಹಿಂದೆ ಒಬ್ಬ ಯಜಮಾನ ಕುರ್ಚಿ ಹಾಕಿಕೊಂಡು ಬರುವ ಹೋಗುವ ಯೋಚನೆಗಳನ್ನೆಲ್ಲ ನೋಡುತ್ತಿರುತ್ತಾನೆ. ಬಹಳ ಗತ್ತು ಅವನಿಗೆ. ತಿಂಗಳುಗಟ್ಟಲೆ ಅವನನ್ನೇ ಆತ್ಮ ಅಂದುಕೊಂಡಿದ್ದೆ. ಹುಬ್ಬುಗಳ ನಡುವೆ ಬಿಗಿತ ಶುರುವಾಗಿ ತಲೆನೋವು ಬರತೊಡಗಿದಾಗ ಅನುಮಾನ ಬಂತು. ಕುರ್ಚಿ, ಯಜಮಾನ, ಬಿಗಿತ ಎಲ್ಲವೂ ನನಗೆ ಕಾಣುತ್ತಿವೆಯಲ್ಲ? ಕಾಣುತ್ತಿದ್ದರೆ ಅವೂ ನೋಟವೇ ಹೊರತು ನೋಡುವವನಲ್ಲ. ನೋಡುವುದು ಬೇರೆ, ಕಾಣುವುದು ಬೇರೆ ಅಂತ ಅದ್ವೈತದ ಪಾಠ ಶುರುವಾಗುವುದೇ ಅಲ್ಲಿಂದ. ಪಾಠ ಬಾಯಿಪಾಠ ಇತ್ತು. ಹಣೆ ಸಡಿಲ ಮಾಡಲು ಮಾತ್ರ ತಲೆನೋವೇ ಬರಬೇಕಾಯಿತು.

ತಿರುವಣ್ಣಾಮಲೈಗೂ ಹೋಗಿಬಂದೆ. ಏನೋ ಆಗುತ್ತದೆ ಅಂತ ಆಸೆ ಇಟ್ಟುಕೊಂಡೇ ಹೋಗಿದ್ದು. ಮಹರ್ಷಿಗಳು ವರ್ಷಗಟ್ಟಲೆ ಕೂತಿದ್ದ ಹಳೇ ಹಾಲ್‌ನಲ್ಲಿ ಗೋಡೆಗೆ ಒರಗಿ ಕೂತವನಿಗೆ ಗಡದ್ದಾಗಿ ನಿದ್ದೆ ಬಂತು. ಬೆಟ್ಟದಲ್ಲಿ ಅವರಿದ್ದ ವಿರೂಪಾಕ್ಷ ಗುಹೆಯ ಒಳಗೆ ಸೆಕೆ, ಬೆವರು. 14 ಕಿಲೋಮೀಟರ್ ಗಿರಿಪ್ರದಕ್ಷಿಣೆ ಬರಿಗಾಲಿನಲ್ಲಿ ಮಾಡಿ ಅಂಗಾಲಿನಲ್ಲಿ ಬೊಬ್ಬೆ ಬಂತು. ಬೊಬ್ಬೆ ಯಾರಿಗೆ ಅಂತ ಕೇಳಿಕೊಳ್ಳುವಷ್ಟು ಶಕ್ತಿಯೂ ಇರಲಿಲ್ಲ. ಊರು ಬಹಳ ಇಷ್ಟವಾಯಿತು, ಅದು ಬೇರೆ ಮಾತು.

ಹೇಳಲೇಬೇಕಾದ್ದು ಅಪ್ಪ ತೀರಿಕೊಂಡಾಗಿನದು. ಆಗ ನಾನು ಇದರಲ್ಲಿ ಸುಮಾರು ನಾಲ್ಕು ವರ್ಷ ಕಳೆದಿದ್ದೆ. ಅಪ್ಪನನ್ನು ಹಾಲ್‌ನಲ್ಲಿ ಮಲಗಿಸಿದ್ದರು. ಅಳು ಗಂಟಲವರೆಗೆ ಬಂದಾಗೆಲ್ಲ ‘ಯಾರಿಗೆ ದುಃಖ?’ ಅಂತ ಕೇಳಿಕೊಂಡೆ. ಅಳು ಕೆಳಗೆ ಇಳಿಯುತ್ತಿತ್ತು. ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅನಿಸಿತು. ಹದಿಮೂರು ದಿನವೂ ಒಂದು ಹನಿ ಕಣ್ಣೀರಿಲ್ಲದೆ ಓಡಾಡಿದೆ. ವೈಕುಂಠ ಸಮಾರಾಧನೆ ಮುಗಿದ ಸಂಜೆ ಅಕ್ಕ ಹಿತ್ತಲಿಗೆ ಬಂದಳು. “ನೀನೇನು ಕಲ್ಲಾಗಿಬಿಟ್ಟಿದ್ದೀಯೇನೋ? ಅಮ್ಮನ ಹತ್ತಿರ ಒಂದು ನಿಮಿಷ ಕೂತಿಲ್ಲ ನೀನು” ಅಂದಳು. ಜ್ಞಾನಿಯ ಥರ ನಕ್ಕೆ. ಆ ನಗು ನೆನೆಸಿಕೊಂಡರೆ ಇವತ್ತಿಗೂ ಮೈ ಮುದುಡುತ್ತದೆ.

ಅದಾಗಿ ಎರಡು ತಿಂಗಳಿಗೆ ನಿದ್ದೆ ಕೆಟ್ಟಿತು. ಕೂತರೆ ಎದೆ ಹೊಡೆದುಕೊಳ್ಳುತ್ತಿತ್ತು. ಪ್ರಶ್ನೆ ಕೇಳಿದಷ್ಟೂ ಎಲ್ಲವೂ ಗಾಜಿನ ಆಚೆ ಇದ್ದ ಹಾಗೆ ಕಾಣುತ್ತಿತ್ತು, ಅಮ್ಮನ ಮುಖ ಕೂಡ. ಧ್ಯಾನ ನಿಲ್ಲಿಸಿ ಡಾಕ್ಟರ ಹತ್ತಿರ ಹೋದೆ. ಅದಕ್ಕೆ ನಾಚಿಕೆಯೇನೂ ಇಲ್ಲ. ಯಾರಿಗಾದರೂ ಹೀಗಾದರೆ ಅವರೂ ಮೊದಲು ಕೂರುವುದನ್ನು ನಿಲ್ಲಿಸಲಿ. ಆಗ ನಾನು ಮಾಡಿದ್ದು ವಿಚಾರವಲ್ಲ. ದುಃಖ ಬಾಗಿಲಿಗೆ ಬಂದಾಗ ಪ್ರಶ್ನೆಯನ್ನು ಚಿಲಕದ ಥರ ಹಾಕಿಕೊಂಡಿದ್ದೆ. ಯಾರಿಗೆ ಬಂತು ಅಂತ ನೋಡಬೇಕಾದರೆ ಮೊದಲು ಅದು ಬರಬೇಕಲ್ವಾ? ನಾನು ಬರಲೇ ಬಿಟ್ಟಿರಲಿಲ್ಲ.

ಮಹರ್ಷಿಗಳ ತಾಯಿ 1922ರ ಮೇ ತಿಂಗಳಲ್ಲಿ ತೀರಿಕೊಂಡರು. ಅವತ್ತು ಇಡೀ ದಿನ ಅವರು ತಾಯಿಯ ಪಕ್ಕ ಕೂತಿದ್ದರು, ಒಂದು ಕೈ ಅಮ್ಮನ ಎದೆಯ ಮೇಲೆ, ಇನ್ನೊಂದು ತಲೆಯ ಮೇಲೆ. ಇದನ್ನು ಮೊದಲೂ ಓದಿದ್ದೆ. ಆಗ ಅದರಲ್ಲಿ ಮುಕ್ತಿಯ ವಿಷಯವನ್ನಷ್ಟೇ ಹುಡುಕಿದ್ದೆ. ಈ ಸಲ ಕಂಡದ್ದು ಆ ಕೈಗಳು. ಪುಸ್ತಕ ಮಡಚಿಟ್ಟು ಅಮ್ಮನ ಕೋಣೆಗೆ ಹೋದೆ. ಅವಳು ಅಪ್ಪನ ಪಂಚೆಗಳನ್ನು ಮತ್ತೆ ಮತ್ತೆ ಮಡಿಸಿಡುತ್ತಿದ್ದಳು. ಪಕ್ಕದಲ್ಲಿ ಕೂತು ಒಂದು ಪಂಚೆಯ ಇನ್ನೊಂದು ತುದಿ ಹಿಡಿದುಕೊಂಡೆ. ಆಗ ಅಳು ಬಂತು. ಪೂರ್ತಿ ಬಂತು. ಏನೂ ಕೇಳಿಕೊಳ್ಳಲಿಲ್ಲ.

ಮತ್ತೆ ಕೂರಲು ಶುರು ಮಾಡಿದ್ದು ಆರು ತಿಂಗಳ ಮೇಲೆ. ಅಲ್ಲಿಯವರೆಗೆ ಬರೀ ನಾಮಜಪ. ಅದೂ ಮನಸ್ಸನ್ನು ಒಂದೆಡೆ ನಿಲ್ಲಿಸುವ ದಾರಿಯೇ ಅಂತ ಮಹರ್ಷಿಗಳು ಆ ಪುಟ್ಟ ಪುಸ್ತಕದಲ್ಲೇ ಹೇಳಿದ್ದಾರೆ. ಹಾಗಾಗಿ ಮೂಲೆಗೆ ಹಾಕಿದ್ದ ಮಾಲೆ ಮತ್ತೆ ಕೈಗೆ ಬಂತು, ಈ ಸಲ ಸರಿಯಾದ ಕೆಲಸಕ್ಕೆ.

ಈಗಿನ ಕ್ರಮ ಸರಳ. ಚಾಪೆ ಬಿಟ್ಟು ಕುರ್ಚಿಗೆ ಬಂದಿದ್ದೇನೆ, ಮಂಡಿ ಒಪ್ಪುತ್ತಿಲ್ಲ. ಬೆಳಗ್ಗೆ ಅರ್ಧ ಗಂಟೆ. ಮನಸ್ಸು ತೀರಾ ಚೆಲ್ಲಾಪಿಲ್ಲಿ ಆಗಿದ್ದರೆ ಮೊದಲು ಐದು ನಿಮಿಷ ಉಸಿರು ನೋಡುತ್ತೇನೆ. ನೋಡಿದಷ್ಟು ಹೊತ್ತು ಮಾತ್ರ ಅದು ಕೆಲಸ ಮಾಡುತ್ತದೆ, ಆದರೂ ಪರವಾಗಿಲ್ಲ. ಆಮೇಲೆ ಯಾವುದು ಮೊದಲು ಬರುತ್ತದೋ ಅದರಿಂದಲೇ ಶುರು. ಇವತ್ತು ಬಂದದ್ದು ಗ್ಯಾಸ್ ಬುಕ್ ಮಾಡಿಲ್ಲ ಅನ್ನುವ ಯೋಚನೆ. ಯಾರಿಗೆ?

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ಕೂರುವ ಹೊತ್ತಲ್ಲ, ಏಳುವ ಹೊತ್ತು. ನಿದ್ದೆ ತಿಳಿಯುವಾಗ ಒಂದು ಚಿಕ್ಕ ಸಂದು ಇರುತ್ತದೆ. ಎಚ್ಚರ ಆಗಿದೆ, ಆದರೆ ಯಾರಿಗೆ ಆಗಿದೆ ಅಂತ ಇನ್ನೂ ಗೊತ್ತಾಗಿಲ್ಲ. ಹೆಸರಿಲ್ಲ, ವಾರವಿಲ್ಲ. ಆಮೇಲೆ ‘ನಾನು’ ಅಂತ ಒಂದು ಏಳುತ್ತದೆ. ಅದರ ಬೆನ್ನಿಗೇ ಮಂಗಳವಾರ, ಸಾಲದ ಕಂತು, ಮಂಡಿನೋವು ಎಲ್ಲ ಒಂದೊಂದಾಗಿ ಬಂದು ಅಂಟಿಕೊಳ್ಳುತ್ತವೆ. ಮೊದಲು ಏಳುವುದು ‘ನಾನು’ ಅನ್ನುವ ಯೋಚನೆ, ಉಳಿದವೆಲ್ಲ ಅದರ ಹಿಂದೆ ಅಂತ ಪುಸ್ತಕದಲ್ಲಿ ಓದಿದ್ದನ್ನು ಹೀಗೆ ಹಾಸಿಗೆಯಲ್ಲೇ ನೋಡಬಹುದು. ಆ ಸಂದನ್ನು ಹಿಡಿಯಬೇಕು ಅಂತ ಕಾದರೆ ಸಿಗುವುದಿಲ್ಲ. ವಾರಕ್ಕೆ ಒಂದೆರಡು ಸಲ ತಾನಾಗಿ ಸಿಗುತ್ತದೆ, ಅಲಾರಂ ಹೊಡೆಯುವ ಮೊದಲೇ ಎಚ್ಚರವಾದ ದಿನ. ಹಾಗಾಗಿ ಅಲಾರಂ ಅನ್ನು ಹತ್ತು ನಿಮಿಷ ತಡವಾಗಿ ಹೊಡೆಯುವ ಹಾಗೆ ಇಟ್ಟಿದ್ದೇನೆ. ಅಮ್ಮನಿಗೆ ಇದು ಸೋಮಾರಿತನ ಅಂತ ಅನುಮಾನ.